ಲೇಕ್ ನೋಡೋಕೂ ತತ್ಕಾಲ್ ಬುಕಿಂಗ್! ಕೆನಡಾದ ಆಲ್ಬರ್ಟಾ ವ್ಲಾಗ್

ಕಾಣಿಸ್ತಿದೆಯಾ? ಎಲ್ಲರ ತಲೆ ಮೇಲೂ ಕೌಬಾಯ್ ಟೋಪಿ. ಬ್ಯಾಂಕಲ್ಲೂ ಟೋಪಿ, ಮೆಡಿಕಲ್ ಶಾಪಲ್ಲೂ ಟೋಪಿ. ಇದು ಕ್ಯಾಲ್ಗರಿ ಸ್ಟ್ಯಾಂಪೀಡ್, ಅಂದ್ರೆ ಕ್ಯಾಲ್ಗರಿ ಊರಿನ ಕೌಬಾಯ್ ಹಬ್ಬ, ಜುಲೈನಲ್ಲಿ ಹತ್ತು ದಿನ ನಡೆಯುತ್ತೆ. ಬೆಳಿಗ್ಗೆ ಹೊತ್ತು ಊರಲ್ಲಿ ಅಲ್ಲಲ್ಲಿ ಪ್ಯಾನ್‌ಕೇಕ್ ಬಿಟ್ಟಿ ಕೊಡ್ತಾರೆ. ನಮ್ಮನೆಯವರು ಒಂದು ಕಡೆ ತಿಂದು, ಮುಂದಿನ ಬೀದಿಲೂ ಲೈನಲ್ಲಿ ನಿಂತ್ರು. ಆ ಕ್ಲಿಪ್ ಹಾಕ್ಬೇಡ ಅಂದಿದಾರೆ, ಹಾಕಿಲ್ಲ.

ಈಗ ಓಡ್ತಿರೋದು ಚಕ್‌ವ್ಯಾಗನ್ ರೇಸ್. ಒಂದೊಂದು ಗಾಡಿಗೆ ನಾಲ್ಕು ಕುದುರೆ, ಧೂಳು, ಕಿರುಚಾಟ. ಆ ಕಿರುಚ್ತಿರೋ ಹೆಂಗಸು ನಾನೇ. ಆಮೇಲೆ ಅಕ್ಕ ಹೇಳಿದ್ಳು, 2019ರಲ್ಲಿ ಈ ರೇಸಲ್ಲೇ ಆರು ಕುದುರೆ ಸತ್ತೋದ್ವಂತೆ. ಕೇಳಿ ಮನಸ್ಸು ಕೆಟ್ಟೋಯ್ತು, ಈ ಆಟ ನಿಲ್ಲಿಸಬೇಕು ಕಣೇ ಅಂದೆ. ಮುಂದಿನ ಸುತ್ತು ಶುರುವಾಯ್ತು ನೋಡಿ, ಮತ್ತೆ ಸೀಟ್ ಬಿಟ್ಟು ಎದ್ದಿದೀನಿ. ಏನು ಹೇಳೋದು.

ನಂಗೆ ಇಷ್ಟ ಆಗಿದ್ದು ನದಿ ಪಕ್ಕದ ಈ ಟೀಪಿಗಳು, ಅಂದ್ರೆ ಇಲ್ಲಿನ ಮೂಲನಿವಾಸಿಗಳ ಡೇರೆಗಳು. 1912ರಲ್ಲಿ ಮೊದಲ ಸ್ಟ್ಯಾಂಪೀಡ್ ಆದಾಗಿಂದಲೂ ಇವರು ಇದರಲ್ಲಿ ಇದಾರೆ. ಆ ಕಾಲದಲ್ಲಿ ಅವರು ತಮ್ಮ ಮೀಸಲು ಪ್ರದೇಶ ಬಿಟ್ಟು ಬರೋಕೆ ಅಧಿಕಾರಿಗಳ ಒಪ್ಪಿಗೆ ಬೇಕಿತ್ತು. ಅವರ ನೆಲಕ್ಕೆ ಬಂದು, ಅವರಿಗೇ ಪಾಸು! ಇರಲಿ, ಶಾಟ್ ಮುಗೀತು, ಹೊರಡೋಣ.

ಇದು ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ರಸ್ತೆ. ಮೇಲೆ ಒಂದು ಸೇತುವೆ ಹೋಯ್ತಲ್ಲ, ಹುಲ್ಲು, ಮರ ಎಲ್ಲ ಇರೋದು? ಅದು ಕರಡಿ, ಜಿಂಕೆಗಳು ಹೈವೇ ದಾಟೋಕೆ. ಪ್ರಾಣಿಗಳಿಗೇ ಅಂತ ಕಟ್ಟಿರೋ ಫ್ಲೈಓವರ್. ಒಂದು ಕರಡಿನೂ ಕಾಣಿಸ್ಲಿಲ್ಲ, ಮೊದಲೇ ಹೇಳ್ಬಿಡ್ತೀನಿ, ಕಾಯಬೇಡಿ.

ಈಗ ಬರುತ್ತೆ ನನ್ನ ಗೋಳು. ಈ ಉದ್ಯಾನದೊಳಗಿನ ಮೊರೇನ್ ಲೇಕ್. 2023ರಿಂದ ಅಲ್ಲಿಗೆ ಸ್ವಂತ ಕಾರು ಬಿಡೋದಿಲ್ಲ. ಬಸ್ಸಲ್ಲೇ ಹೋಗ್ಬೇಕು, ಬಸ್ಸಿಗೆ ಮೊದಲೇ ಬುಕ್ ಮಾಡ್ಬೇಕು. ಒಂದಷ್ಟು ಸೀಟು ಏಪ್ರಿಲ್‌ನಲ್ಲೇ ಖಾಲಿ. ಏಪ್ರಿಲ್‌ನಲ್ಲಿ ನಮ್ಮ ವೀಸಾನೇ ಬಂದಿರಲಿಲ್ಲ! ಉಳಿದ ಸೀಟು ಹೋಗೋ ದಿನಕ್ಕೆ ಎರಡು ದಿನ ಮುಂಚೆ, ಬೆಳಿಗ್ಗೆ 8 ಗಂಟೆಗೆ ಬಿಡ್ತಾರೆ. ಥೇಟ್ ತತ್ಕಾಲ್. ಅಕ್ಕನ ಮನೆ ಡೈನಿಂಗ್ ಟೇಬಲ್ ಮೇಲೆ ನಾಲ್ಕು ಜನ, ನಾಲ್ಕು ಫೋನು, ಭಾವನ ಲ್ಯಾಪ್‌ಟಾಪ್ ಬೇರೆ. ಉಪ್ಪಿಟ್ಟು ಆರಿ ಕಲ್ಲಾಯ್ತು. ಎಂಟು ಹೊಡೀತು, ಒತ್ತಿದ್ವಿ, ನಮ್ಮ ಮುಂದೆ ಸಾವಿರಾರು ಜನ ಕ್ಯೂನಲ್ಲಿ. ಸ್ಕ್ರೀನ್ ಮೇಲೆ ಒಬ್ಬ ಪುಟಾಣಿ ಮನುಷ್ಯ ನಡೀತಾನೇ ಇದಾನೆ, ನಡೀತಾನೇ ಇದಾನೆ. ಭಾವ ಅಂತೂ ಅಲುಗಾಡಿದ್ರೆ ಕ್ಯೂ ತಪ್ಪಿ ಹೋಗುತ್ತೆ ಅನ್ನೋ ಹಾಗೆ ಕೂತಿದ್ರು. ನಮ್ಮ ಸರದಿ ಬರೋ ಹೊತ್ತಿಗೆ ಬೆಳಗಿನ ಸೀಟೆಲ್ಲ ಖಾಲಿ, ಮಧ್ಯಾಹ್ನದ್ದು ಎರಡೇ ಎರಡು. ನಾವು ನಾಲ್ಕು ಜನ! ಬಸ್ ಚಾರ್ಜು ಹತ್ತು ಡಾಲರ್ ಒಳಗೇ, ಆದ್ರೆ ಸೀಟಿಲ್ಲದ ಮೇಲೆ ಅಗ್ಗ ಆದ್ರೇನು, ದುಬಾರಿ ಆದ್ರೇನು? ಖಾಸಗಿ ಬಸ್‌ನವರು ಹೇಳಿದ ರೇಟು ಕೇಳಿ ನಮ್ಮನೆಯವರು ಫೋನ್ ಉಲ್ಟಾ ಮಡಗಿಬಿಟ್ರು.

ಕೊನೆಗೆ ಆ ಎರಡು ಸೀಟು ನಮಗೆ ಬಿಟ್ಟು, ಅಕ್ಕ, ಭಾವ ಹತ್ತಿರದ ಇನ್ನೊಂದು ಸರೋವರ ಲೇಕ್ ಲೂಯಿಸ್ ದಡದಲ್ಲೇ ಉಳ್ಕೊಂಡ್ರು. ಅಲ್ಲಿ ಪಾರ್ಕಿಂಗ್ ದಿನಕ್ಕೆ ಹತ್ತತ್ರ 40 ಡಾಲರ್. ನಮ್ಮ ದುಡ್ಡಲ್ಲಿ ಎರಡು ಸಾವಿರ ದಾಟುತ್ತೆ ರೀ, ಕಾರು ಸುಮ್ನೆ ನಿಲ್ಸೋಕೆ!

ಹ್ಞಾಂ, ಮೊರೇನ್ ಲೇಕ್‌ಗೆ ಬಂದ್ವಿ. ಫಿಲ್ಟರ್ ಹಾಕಿಲ್ಲ, ಆಣೆ ಮಾಡ್ತೀನಿ. ಹಿಮನದಿ ಬಂಡೆ ಮೇಲೆ ಜರುಗ್ತಾ ಜರುಗ್ತಾ ಕಲ್ಲನ್ನ ಹಿಟ್ಟು ಮಾಡುತ್ತೆ. ಆ ನುಣ್ಣನೆ ಹಿಟ್ಟು ತಳಕ್ಕೆ ಕೂರದೆ ನೀರಲ್ಲೇ ತೇಲುತ್ತೆ, ಬಿಸಿಲು ಬಿದ್ದಾಗ ಈ ನೀಲಿ ಹಸಿರು. ಹಳೇ 20 ಡಾಲರ್ ನೋಟಿನ ಹಿಂದೆ ಇದೇ ಚಿತ್ರ ಇತ್ತು. ಕಾರು ಬಿಡಲ್ಲ ಅಂತ ಬೈಕೊಂಡಿದ್ದೆ ಅಲ್ವಾ, ವಾಪಸ್ ತಗೊಂಡೆ. ಹಾರ್ನ್ ಇಲ್ಲ, ಹೊಗೆ ಇಲ್ಲ. ಕಾರು ನಿಲ್ಲಿಸಿದ್ದೇ ಸರಿ. ಬುಕಿಂಗ್ ಬಗ್ಗೆ ಬೈದಿದ್ದು ಮಾತ್ರ ಹಾಗೇ ಇರಲಿ.

ಇದು ಇನ್ನೊಂದು ದಿನ, ಡ್ರಮ್‌ಹೆಲ್ಲರ್ ಕಡೆ ಹೋಗ್ತಿರೋದು. ನಾನು ದಾವಣಗೆರೆಯವಳು, ಮಟ್ಟಸ ಭೂಮಿ ನಂಗೆ ತೋರಿಸ್ಬೇಡಿ ಅಂತ ಜಂಬ ಕೊಚ್ಚಿದ್ದೆ. ಆದ್ರೆ ನೋಡಿ, ಇದು ಕನೋಲಾ, ಎಣ್ಣೆ ತೆಗೆಯೋ ಬೆಳೆ. ಆಕಾಶ ಮುಟ್ಟೋವರೆಗೂ ಹಳದಿ, ಒಂದು ಊರು ಕಾಣಲ್ಲ. ಬೆಟ್ಟಕ್ಕಿಂತ ಇದೇ ಚಂದ ಅಂದೆ. ಒಂದು ಗಂಟೆ ಆದ್ಮೇಲೆ ನಿದ್ದೆ ಬಂತು, ಅದೂ ನಿಜ. ಎಚ್ಚರ ಆಗೋ ಹೊತ್ತಿಗೆ ನೆಲ ಹಠಾತ್ತನೆ ಕುಸಿದು ಈ ಪಟ್ಟೆಪಟ್ಟೆ ಮಣ್ಣಿನ ಕಣಿವೆ. 1884ರಲ್ಲಿ ಜೋಸೆಫ್ ಟಿರೆಲ್ ಅನ್ನೋರು ಈ ಕಡೆ ಸರ್ವೆಗೆ ಬಂದು ಡೈನೋಸಾರ್ ತಲೆಬುರುಡೆ ಕಂಡುಹಿಡಿದ್ರು. ಇಲ್ಲಿನ ಡೈನೋಸಾರ್ ಮ್ಯೂಸಿಯಂಗೆ ಅವರದೇ ಹೆಸರು. ಊರೊಳಗಿನ ಈ ದೊಡ್ಡ ಡೈನೋಸಾರ್ ಪ್ರತಿಮೆ ಹತ್ತಿ ಬಾಯಲ್ಲಿ ನಿಂತ್ಕೋಬಹುದು, ನಾವು ಹತ್ತಲಿಲ್ಲ. ಮ್ಯೂಸಿಯಂಗೆ ಮಾತ್ರ ಅರ್ಧ ದಿನ ಇಟ್ಕೊಳ್ಳಿ.

ಈಗ ಆಗಸ್ಟ್, ಎಡ್ಮಂಟನ್. ಫ್ರಿಂಜ್ ನಾಟಕೋತ್ಸವ, 1982ರಿಂದ ನಡೀತಿದೆ. ಯಾವ ತಂಡ ಆಡಬೇಕು ಅಂತ ತೀರ್ಪುಗಾರರು ಆರಿಸಲ್ಲ, ಲಾಟರಿ ಎತ್ತುತ್ತಾರೆ. ತಂಡ ಇಟ್ಟ ಟಿಕೆಟ್ ದರ ಪೂರ್ತಿ ತಂಡಕ್ಕೇ. ಹಾಗಾಗಿ ಕೆಟ್ಟ ನಾಟಕನೂ ಸಿಗುತ್ತೆ, ನಿನ್ನೆ ನೋಡಿದ್ದು ಅಂಥದ್ದೇ, ಹೆಸರು ಬೇಡ. ಆದ್ರೂ ಸ್ಟ್ಯಾಂಪೀಡ್‌ಗಿಂತ ನಂಗಿದೇ ಇಷ್ಟ, ಕುದುರೆಗೆ ಏನಾಗುತ್ತೋ ಅನ್ನೋ ಭಯ ಇಲ್ಲ. ನಮ್ಮನೆಯವರ ಕೈಲಿರೋದು ಗ್ರೀನ್ ಆನಿಯನ್ ಕೇಕ್, ಈರುಳ್ಳಿ ಸೊಪ್ಪು ಹಾಕಿ ಎಣ್ಣೇಲಿ ಬೇಯಿಸಿದ ಮೈದಾ ರೊಟ್ಟಿ. ಈ ಊರಿನ ಹಬ್ಬ ಅಂದ್ರೆ ಇದು ಇರಲೇಬೇಕಂತೆ. ಎರಡನೇದು ತಿಂತಿದಾರೆ.

ಇಲ್ಲಿ ನಾಟಕ ಶುರುವಾದ ಮೇಲೆ ಬಂದವರನ್ನ ಒಳಗೆ ಬಿಡಲ್ಲ. ಬಾಗಿಲು ಹಾಕೋಕೆ ಐದೇ ನಿಮಿಷ ಇದೆ, ಇವರು ನೋಡಿದ್ರೆ ಸಾಸ್ ಹುಡುಕ್ತಿದಾರೆ. ರೀ, ಬನ್ರೀ! ಟಿಕೆಟ್ ನಿಮ್ಮ ಫೋನಲ್ಲಿದೆ!