ಕೊಳೆ ವರ್ಷದ ಮುಂಗಡ ಮತ್ತು ಆಪ್ಷನ್ ಚೈನ್‌ನ ಐವಿ

ನಮಸ್ಕಾರ. ಹಿಂದೆ ಕೇಳಿಸುತ್ತಿರುವುದು ತೀರ್ಥಹಳ್ಳಿ ಮಳೆ. ಬೆಳಿಗ್ಗೆಯಿಂದ ಬಿಟ್ಟಿಲ್ಲ. ಇವತ್ತು ಅಡಿಕೆ ತೋಟಕ್ಕೆ ಕೊಳೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯಬೇಕಿತ್ತು. ಮೈಲುತುತ್ತ, ಸುಣ್ಣ ಎರಡೂ ತಂದಿಟ್ಟಾಗಿದೆ. ಆದರೆ ಮಳೆ ಹೊಳವಾಗದೆ ಯಾರೂ ಮರ ಹತ್ತುವುದಿಲ್ಲ.

ಹಾಗಾಗಿ ಜಗಲಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಿದ್ದೇನೆ. ಪರದೆ ಮೇಲಿರುವುದು ಎನ್‌ಎಸ್‌ಇ, ಅಂದರೆ ರಾಷ್ಟ್ರೀಯ ಶೇರು ವಿನಿಮಯ ಕೇಂದ್ರದ ವೆಬ್‌ಸೈಟಿನ ಆಪ್ಷನ್ ಚೈನ್. ಶೇರನ್ನು ಮುಂದೆ ಇಂತಿಷ್ಟು ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕುಗಳ ಪಟ್ಟಿ ಇದು. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ನೋಡಬಹುದು. ನಡುವೆ ಸ್ಟ್ರೈಕ್, ಅಂದರೆ ಮೊದಲೇ ಗೊತ್ತುಮಾಡಿದ ಬೆಲೆ. ಎಡಕ್ಕೆ ಕಾಲ್, ಅಂದರೆ ಕೊಳ್ಳುವ ಹಕ್ಕು. ಬಲಕ್ಕೆ ಪುಟ್, ಅಂದರೆ ಮಾರುವ ಹಕ್ಕು. ದೊಡ್ಡಪ್ಪ ಕವಳ ಹಾಕಿಕೊಂಡು ಬಂದು ಇಣುಕಿದರು. "ಎಂತ ಮಾರಾಯ ಇದು, ಮಗ್ಗಿ ಪುಸ್ತಕದ ಹಾಗಿದೆ?"

ಅವರಿಗೆ ಅಡಿಕೆ ಲೆಕ್ಕದಲ್ಲೇ ಹೇಳಿದೆ. ಒಬ್ಬ ವ್ಯಾಪಾರಿ ಬಂದು, "ದೀಪಾವಳಿ ಹೊತ್ತಿಗೆ ಕ್ವಿಂಟಾಲಿಗೆ 50 ಸಾವಿರದಂತೆ ನಿಮ್ಮ ರಾಶಿ ಅಡಿಕೆ ನನಗೇ ಕೊಡಬೇಕು" ಅಂತ ಮುಂಗಡ ಕೊಡುತ್ತಾನೆ ಅಂದುಕೊಳ್ಳಿ. ರೇಟು ಏರಿದರೆ ಬಂದು ಒಯ್ಯುತ್ತಾನೆ. ಇಳಿದರೆ ಬರುವುದಿಲ್ಲ, ಮುಂಗಡ ನಿಮಗೇ ಉಳಿಯುತ್ತದೆ. ಕಾಲ್ ಆಪ್ಷನ್ ಅಂದರೆ ಇದೇ. 50 ಸಾವಿರ ಸ್ಟ್ರೈಕ್, ಮುಂಗಡ ಪ್ರೀಮಿಯಂ, ದೀಪಾವಳಿ ಗಡುವು.

ದೊಡ್ಡಪ್ಪ ಒಂದು ಕ್ಷಣ ಮಳೆ ನೋಡಿದರು. "ಹಾಗಾದ್ರೆ ಕೊಳೆ ವರ್ಷ ನಾನು ಜಾಸ್ತಿ ಮುಂಗಡ ಕೇಳ್ತೇನೆ. ರೇಟು ಎಲ್ಲಿಗೆ ಹೋಗ್ತದೋ ಯಾರಿಗೆ ಗೊತ್ತು?"

ನಾನು ವರ್ಷಗಟ್ಟಲೆ ವಿಡಿಯೋ ನೋಡಿ ಕಲಿತದ್ದನ್ನು ಅವರು ಒಂದೇ ಮಾತಲ್ಲಿ ಹೇಳಿಬಿಟ್ಟರು. ಚೈನ್‌ನಲ್ಲಿ ಐವಿ ಅಂತ ಒಂದು ಕಾಲಂ ಇದೆ, ನೋಡಿ. ಇಂಪ್ಲೈಡ್ ವೊಲಟಿಲಿಟಿ. ಶೇರು ಎಷ್ಟು ಏರಿಳಿಯಬಹುದು ಅಂತ ಮಾರುಕಟ್ಟೆಗೆ ಇರುವ ಅಂದಾಜು ಅದು. ಅನುಮಾನ ಹೆಚ್ಚಾದಷ್ಟೂ ಪ್ರೀಮಿಯಂ ಹೆಚ್ಚು. ನಾವೆಲ್ಲ ಮೊದಲು ಎಲ್‌ಟಿಪಿ, ಅಂದರೆ ಕೊನೆಯ ವ್ಯಾಪಾರ ನಡೆದ ಬೆಲೆ ನೋಡುತ್ತೇವೆ, ಅಗ್ಗ ಕಂಡಿದ್ದನ್ನು ಕೊಳ್ಳುತ್ತೇವೆ. ಮೊದಲು ಐವಿ ನೋಡಬೇಕು ಅನ್ನುವುದು ನನಗೆ ದುಡ್ಡು ಕಳೆದುಕೊಂಡ ಮೇಲೆ ಗೊತ್ತಾಯಿತು.

ಹೋದ ವರ್ಷ ಇದೇ ಜುಲೈ. ಒಂದು ಕಂಪನಿಯ ತ್ರೈಮಾಸಿಕ ಫಲಿತಾಂಶಕ್ಕೆ ಒಂದೇ ದಿನ ಇತ್ತು. ಶೇರು 1000 ರೂಪಾಯಿ. ನಾನು 1050ರ ಕಾಲ್ ಕೊಂಡೆ, 19 ರೂಪಾಯಿ ಚಿಲ್ಲರೆಗೆ. ಗಡುವಿಗೆ 20 ದಿನ, ಒಂದು ಲಾಟ್‌ಗೆ 700 ಶೇರು. ಫಲಿತಾಂಶ ಚೆನ್ನಾಗಿಯೇ ಬಂತು. ಶೇರು 1020ಕ್ಕೆ ಏರಿತು. ನನ್ನ ಕಾಲ್ ಮಾತ್ರ 12ಕ್ಕೆ ಇಳಿಯಿತು. ಐದು ಸಾವಿರ ರೂಪಾಯಿ ಹೋಯಿತು. ಶೇರು ಏರಿದೆ, ಏರುತ್ತದೆ ಅಂತ ಕಟ್ಟಿದವನಿಗೆ ನಷ್ಟ. ಆ ರಾತ್ರಿ ನಿದ್ದೆ ಬರಲಿಲ್ಲ.

ಇವತ್ತು ಅದೇ ಲೆಕ್ಕವನ್ನು ಆಪ್ಷನ್ ಕ್ಯಾಲ್ಕುಲೇಟರ್‌ಗೆ ಹಾಕುತ್ತೇನೆ. ಇದರ ಒಳಗಿರುವುದು ಬ್ಲಾಕ್-ಶೋಲ್ಸ್ ಸೂತ್ರ. ಫಿಶರ್ ಬ್ಲಾಕ್ ಮತ್ತು ಮೈರನ್ ಶೋಲ್ಸ್ 1973ರಲ್ಲಿ ಪ್ರಕಟಿಸಿದ್ದು. ಈ ಕೆಲಸಕ್ಕೆ ಶೋಲ್ಸ್ ಮತ್ತು ರಾಬರ್ಟ್ ಮರ್ಟನ್ ಅವರಿಗೆ 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು. ಬ್ಲಾಕ್ ಅಷ್ಟರಲ್ಲಿ ತೀರಿಕೊಂಡಿದ್ದರು. ನಮ್ಮ ಶೇರು ಆಪ್ಷನ್‌ಗಳನ್ನು ಗಡುವಿನ ದಿನ ಮಾತ್ರ ಚಲಾಯಿಸಬಹುದು, ಹಾಗಾಗಿ ಈ ಸೂತ್ರ ಚೆನ್ನಾಗಿ ಹೊಂದುತ್ತದೆ.

ಐದು ಅಂಕಿ ಕೊಡಬೇಕು. ಶೇರಿನ ಬೆಲೆ, ಸ್ಟ್ರೈಕ್, ಉಳಿದ ದಿನ, ಬಡ್ಡಿ. ಈ ನಾಲ್ಕೂ ಕಣ್ಣೆದುರೇ ಇವೆ. ಐದನೆಯದು ಐವಿ. 1000, 1050, 20 ದಿನ, ಬಡ್ಡಿ ಶೇಕಡಾ ಆರೂವರೆ, ಐವಿ ಶೇಕಡಾ 40. ಉತ್ತರ ನೋಡಿ, ಸುಮಾರು 19 ರೂಪಾಯಿ 40 ಪೈಸೆ. ಈಗ ಫಲಿತಾಂಶದ ಮರುದಿನ. ಶೇರು 1020, ಉಳಿದದ್ದು 18 ದಿನ, ಐವಿ 25. ಉತ್ತರ 12.

ಐವಿ ಯಾಕೆ ಬಿತ್ತು? ಫಲಿತಾಂಶ ಏನೋ ಅನ್ನುವ ಅನುಮಾನ ಮುಗಿಯಿತು, ಅದಕ್ಕೆ. ಕಾರ್ತೀಕದಲ್ಲಿ ಕೊಳೆಗೆ ಹೆದರಿ ಜಾಸ್ತಿ ಮುಂಗಡ ಕೊಡುವವರು ಯಾರಿದ್ದಾರೆ? ನಾನು ಕೊಳೆ ವರ್ಷದ ಮುಂಗಡ ಕೊಟ್ಟು, ಮಳೆ ನಿಂತ ಮೇಲೆ ಮಾರಲು ಹೋಗಿದ್ದೆ.

ಈಗ ಕೊಳ್ಳುವ ಮೊದಲು ಒಂದು ಸಣ್ಣ ಲೆಕ್ಕ ಮಾಡುತ್ತೇನೆ. ಉಳಿದ ದಿನವನ್ನು 365ರಿಂದ ಭಾಗಿಸಿ ವರ್ಗಮೂಲ ತೆಗೆಯುವುದು, ಅದನ್ನು ಐವಿ ಮತ್ತು ಶೇರಿನ ಬೆಲೆಯಿಂದ ಗುಣಿಸುವುದು. ಹೋದ ವರ್ಷದ ಆ ಶೇರಿಗೆ, ಐವಿ ಶೇಕಡಾ 40ರಂತೆ, 20 ದಿನಕ್ಕೆ 94 ರೂಪಾಯಿ ಬರುತ್ತದೆ. ಅಂದರೆ ಅತ್ತಿತ್ತ 94 ರೂಪಾಯಿ ಓಡಾಟವನ್ನು ಮಾರುಕಟ್ಟೆ ಆಗಲೇ ಬೆಲೆಗೆ ಸೇರಿಸಿಬಿಟ್ಟಿದೆ. 20 ರೂಪಾಯಿ ಏರಿಕೆ ಯಾವ ಮೂಲೆಗೆ?

ಇನ್ನೊಂದು, ಬಿಡ್ ಮತ್ತು ಆಸ್ಕ್. ಈ ದೂರದ ಸ್ಟ್ರೈಕ್ ನೋಡಿ. ಕೊಳ್ಳುವವರು 18 ಅನ್ನುತ್ತಿದ್ದಾರೆ, ಮಾರುವವರು 21. ಕೊಂಡ ಕ್ಷಣವೇ ಮಾರಿದರೂ 3 ರೂಪಾಯಿ ಹೋಯಿತು. 700 ಶೇರಿಗೆ 2,100. ಎಲ್‌ಟಿಪಿ 19 ಅಂತ ತೋರಿಸುತ್ತಿದೆ, ಆದರೆ ಅದು ಯಾವಾಗಲೋ ಆದ ವ್ಯಾಪಾರ. ಮಂಡಿಯಲ್ಲಿ ನಿನ್ನೆಯ ರೇಟು ಹಿಡಿದುಕೊಂಡು ಇವತ್ತು ವಾದ ಮಾಡಲು ಆಗುತ್ತದಾ? ಓಪನ್ ಇಂಟರೆಸ್ಟ್, ಅಂದರೆ ಇನ್ನೂ ಮುಗಿಯದೆ ಉಳಿದಿರುವ ಒಪ್ಪಂದಗಳ ಸಂಖ್ಯೆ, ಅದರ ಬಗ್ಗೆ ತುಂಬಾ ಜನ ಕೇಳುತ್ತೀರಿ. ನಾನು ಅದನ್ನು ಜನ ಎಲ್ಲಿ ಸೇರಿದ್ದಾರೆ ಅಂತ ನೋಡಲು ಮಾತ್ರ ಬಳಸುತ್ತೇನೆ, ಭವಿಷ್ಯ ಹೇಳಲು ಅಲ್ಲ.

ಇದನ್ನು ಮಾತ್ರ ದಯವಿಟ್ಟು ಗಮನವಿಟ್ಟು ಕೇಳಿ. 2019ರ ಅಕ್ಟೋಬರ್‌ನಿಂದ ನಮ್ಮ ಎಲ್ಲ ಶೇರು ಆಪ್ಷನ್‌ಗಳೂ ಡೆಲಿವರಿಗೆ ಹೋಗುತ್ತವೆ. ಗಡುವಿನ ದಿನ ಶೇರು 1050ರ ಮೇಲಿದ್ದು, ನೀವು ಮಾರದೆ ಸುಮ್ನೆ ಬಿಟ್ಟರೆ, 700 ಶೇರು ಕೊಳ್ಳಲೇಬೇಕು. 7 ಲಕ್ಷ 35 ಸಾವಿರ ರೂಪಾಯಿ. 14 ಸಾವಿರ ಕೊಟ್ಟು ಮರೆತವರ ಖಾತೆಯಲ್ಲಿ ಅಷ್ಟು ಎಲ್ಲಿಂದ ಬರಬೇಕು?

2021-22ರಿಂದ 2023-24ರವರೆಗಿನ ಮೂರು ವರ್ಷ ಲೆಕ್ಕ ಹಾಕಿ, ಶೇರು ಮಾರುಕಟ್ಟೆಯ ಮೇಲ್ವಿಚಾರಣೆ ಮಾಡುವ ಸೆಬಿ ಹೇಳಿದ್ದು ಗೊತ್ತಲ್ವಾ? ಫ್ಯೂಚರ್ಸ್, ಆಪ್ಷನ್ಸ್‌ನಲ್ಲಿ ಕೈ ಹಾಕಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿಗೆ ನಷ್ಟ. ನಾನೂ ಆ 93ರಲ್ಲಿ ಒಬ್ಬ. ಅದಕ್ಕೇ ಈ ವಿಡಿಯೋದಲ್ಲಿ ಯಾವ ಶೇರಿನ ಹೆಸರನ್ನೂ ಹೇಳಿಲ್ಲ.

ನಾಳಿದ್ದು ಇನ್ನೊಂದು ಕಂಪನಿಯ ಫಲಿತಾಂಶ ಇದೆ. ಕೊಳ್ಳುತ್ತಿಲ್ಲ. ಒಂದು ಸಾಲಿನ ಸ್ಟ್ರೈಕ್, ಐವಿ, ಬಿಡ್, ಆಸ್ಕ್ ಇಷ್ಟನ್ನೂ ಅಡಿಕೆ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ. ಫಲಿತಾಂಶದ ಮರುದಿನ ಅದೇ ಸಾಲು ತೆರೆದು ಪಕ್ಕದಲ್ಲಿ ಬರೆಯುತ್ತೇನೆ, ನಿಮಗೂ ತೋರಿಸುತ್ತೇನೆ. ದೊಡ್ಡಪ್ಪ ಅಂಗಳದಿಂದ ಕೂಗುತ್ತಿದ್ದಾರೆ, ಮಳೆ ಹೊಳವಾಗಿದೆಯಂತೆ. ಸುಣ್ಣ ಕಲಸಬೇಕು.