ಹಾಲಿನ ದುಡ್ಡಲ್ಲಿ ನಡೆದ ಆರೋಗ್ಯ ಕೇಂದ್ರ

ಎಲ್ಲರಿಗೂ ನಮಸ್ಕಾರ.

ಮುಂದಿನ ವಾರ ನೀವೆಲ್ಲ ಮೊದಲ ಸಲ ಆರೋಗ್ಯದ ಸರ್ವೆಗೆ ಅಂತ ಹಳ್ಳಿಗೆ ಹೊರಡುತ್ತೀರಿ. ಅದಕ್ಕೆ ಮುಂಚೆ ಒಂದು ಊರಿನ ವಿಷಯ ಹೇಳಬೇಕು ಅನ್ನಿಸಿತು.

ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರು. ಈಗ ಚಿಕ್ಕಬಳ್ಳಾಪುರ ಜಿಲ್ಲೆ, ಆಗ ಕೋಲಾರ. ಹಿಪ್ಪುನೇರಳೆ ತೋಟ, ರೇಷ್ಮೆಹುಳು, ಹಸು ಇರುವ ಸೀಮೆ. 1973ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆ ಊರಿನ ಹಾಲಿನ ಸಹಕಾರ ಸಂಘದ ಜೊತೆ ಸೇರಿ ಅಲ್ಲೊಂದು ಆರೋಗ್ಯ ಕೇಂದ್ರ ಶುರು ಮಾಡಿತು. ದುಡ್ಡು ಎಲ್ಲಿಂದ? ಡೈರಿಗೆ ಹಾಕಿದ ಹಾಲಿಗೆ ಲೀಟರಿಗೆ ಇಷ್ಟು ಪೈಸೆ ಅಂತ ಆರೋಗ್ಯದ ಲೆಕ್ಕಕ್ಕೆ ಹಿಡಿದುಕೊಳ್ಳುತ್ತಿದ್ದರು. ಕಾಲೇಜು ಡಾಕ್ಟರನ್ನೂ ವಿದ್ಯಾರ್ಥಿಗಳನ್ನೂ ಕಳಿಸುತ್ತಿತ್ತು.

ಇದರಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಆ ಪೈಸೆಯ ಲೆಕ್ಕವೇ. ಪುಕ್ಕಟೆ ಬಂದ ಡಾಕ್ಟರನ್ನು ಯಾರೂ ಏನೂ ಕೇಳುವುದಿಲ್ಲ. ತಮ್ಮ ಹಾಲಿನ ದುಡ್ಡು ಹೋಗುತ್ತಿದೆ ಅಂದಾಗ, ಡಾಕ್ಟ್ರು ಯಾಕೆ ಬರಲಿಲ್ಲ, ಔಷಧಿ ಯಾಕೆ ಮುಗಿಯಿತು ಅಂತ ಕೇಳುವ ಹಕ್ಕು ಬರುತ್ತದೆ. ಕಾಲೇಜು ಉತ್ತರ ಹೇಳಲೇಬೇಕು. ನಮ್ಮ ಕಡತಗಳಲ್ಲಿ 'ಸಮುದಾಯದ ಸಹಭಾಗಿತ್ವ' ಅಂತ ಬರೆಯುತ್ತೇವಲ್ಲ, ಅದು ಶುರುವಾಗುವುದು ಊರಿನವರು ನಮ್ಮನ್ನು ಪ್ರಶ್ನೆ ಕೇಳುವ ದಿನ.

ಆದರೆ ಅಲ್ಲೊಂದು ತೊಡಕಿದೆ. ಹಾಲಿನ ಸಂಘ ಅಂದರೆ ಹಸು ಇದ್ದವರ ಸಂಘ. ಕೂಲಿಗೆ ಹೋಗುವವರು, ಹಸು ಇಲ್ಲದವರು, ಡೈರಿಯ ಮುಂದೆ ಸಾಲು ನಿಲ್ಲದವರು ಏನು ಮಾಡಬೇಕು? ಅವರೂ ಅದೇ ಊರಿನವರು ಅಲ್ವಾ? ಊರು ಅಂದರೆ ಒಂದೇ ಮನೆಯಲ್ಲ. ಕೇರಿ ಇದೆ, ಜಾತಿ ಇದೆ, ಜಮೀನು ಇದ್ದವರು ಇಲ್ಲದವರು ಅಂತ ಇದೆ. ಪಂಚಾಯಿತಿ ಕಟ್ಟೆಯಲ್ಲಿ ನಾಲ್ಕು ಜನರ ಜೊತೆ ಕಾಫಿ ಕುಡಿದು, ಊರಿನವರನ್ನು ಕೇಳಿದೆವು ಅಂತ ಬರೆದುಕೊಂಡು ಬಂದರೆ ಅದು ಸುಳ್ಳಾಗುತ್ತದೆ.

ಮಹಾರಾಷ್ಟ್ರದ ಜಾಮ್‌ಖೇಡ್‌ನಲ್ಲಿ ಮೇಬೆಲ್ ಮತ್ತು ರಜನಿಕಾಂತ್ ಆರೋಳೆ ದಂಪತಿ 1970ರಲ್ಲಿ ಕೆಲಸ ಶುರು ಮಾಡಿದರು. ಅವರು ಊರೂರಿನ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರಾಗಿ ತಯಾರು ಮಾಡಿದರು. ಅವರಲ್ಲಿ ದಲಿತ ಹೆಂಗಸರು ತುಂಬ ಜನ, ಓದು ಬರಹ ಬಾರದವರೂ ಇದ್ದರು. ಬಾಣಂತಿಗೆ ಏನು ಕೊಡಬೇಕು, ಮಗುವಿಗೆ ಭೇದಿಯಾದರೆ ಏನು ಮಾಡಬೇಕು ಅಂತ ಅವರೇ ಮನೆ ಮನೆಗೆ ಹೇಳಿದರು. ನಮ್ಮ ಆಶಾ ಕಾರ್ಯಕರ್ತೆಯರನ್ನು ನೋಡುವಾಗ ಇದನ್ನು ನೆನೆಯಿರಿ. ಅವರನ್ನು ಸುಮ್ನೆ ದಾರಿ ತೋರಿಸುವುದಕ್ಕೆ ಅಂತ ಕರೆದುಕೊಂಡು ಹೋಗಬೇಡಿ. ಯಾವ ಮನೆಯಲ್ಲಿ ಏನು ಕಷ್ಟ ಅಂತ ಅವರಿಗೆ ಗೊತ್ತು. ಪ್ರಶ್ನಾವಳಿ ಅಚ್ಚಾಗುವ ಮುಂಚೆಯೇ ಅವರಿಗೆ ತೋರಿಸಿ.

ಇನ್ನು ನನ್ನದೇ ಒಂದು ತಪ್ಪು. ನಾನು ಪಿಜಿ, ಅಂದರೆ ಸ್ನಾತಕೋತ್ತರ ಓದು, ಮಾಡುತ್ತಿದ್ದಾಗ ಒಂದು ಹಳ್ಳಿಯಲ್ಲಿ ರಕ್ತಹೀನತೆಯ ಸರ್ವೆ ಮಾಡಿದೆವು. ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಬಂದೆವು. ಪ್ರಬಂಧ ಮುಗಿಯಿತು, ಅಂಕವೂ ಬಂತು. ಮರು ವರ್ಷ ಬೇರೆ ಕೆಲಸಕ್ಕೆ ಅದೇ ಊರಿಗೆ ಹೋದಾಗ ಒಬ್ಬ ಅಜ್ಜಿ ಜಗುಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನನ್ನ ಗುರುತು ಹಿಡಿದರು. 'ಹೋದ ಸಲ ರಕ್ತ ತಗೊಂಡ್ ಹೋದೆಯಲ್ಲವ್ವ, ಅದೇನಾಯ್ತು?' ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ರಕ್ತದ ಅಂಕಿ ನನ್ನ ಕೋಷ್ಟಕದಲ್ಲಿತ್ತು, ಅವರ ಮನೆಯಲ್ಲಿರಲಿಲ್ಲ.

ವಾಪಸ್ ಬಂದು ಹಳೆಯ ಪುಸ್ತಕ ಹುಡುಕಿದೆ. ಒಬ್ಬೊಬ್ಬರಿಗೂ ಒಂದೊಂದು ಚೀಟಿ ಬರೆದೆ. ಹೆಸರು, ಅಂಕಿ, ಮುಂದೆ ಏನು ಮಾಡಬೇಕು ಅಂತ ಎರಡು ಸಾಲು. ಊರಿನ ಆಶಾ ಅಕ್ಕನ ಜೊತೆ ಮನೆ ಮನೆಗೆ ಹೋಗಿ ಓದಿ ಹೇಳಿದೆ. ಕೆಲವರು ಕೂಲಿಗೆ ಬೇರೆ ಊರಿಗೆ ಹೋಗಿಬಿಟ್ಟಿದ್ದರು, ಅವರ ಚೀಟಿಗಳು ನನ್ನ ಹತ್ತಿರವೇ ಉಳಿದವು. ಅಜ್ಜಿ ಎರಡು ಸಲ ಓದಿಸಿಕೊಂಡು, ಚೀಟಿಯನ್ನು ಮಡಚಿ ಎಲೆ ಅಡಿಕೆ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಒಳಗೆ ತಿರುಗಿ ಸೊಸೆಯನ್ನು ಕರೆದರು. 'ಇವಳದ್ದೂ ಒಸಿ ನೋಡವ್ವ, ಕೂತ್ರೆ ಏಳಕ್ಕಾಗಲ್ಲ ಅಂತಾಳೆ.'