ಕಂಪ್ಯೂಟರಿನೊಂದಿಗೇ ಬಂದ ಆ್ಯಪ್‌ಗಳು: ತೆಗೆಯುವ ಬಗೆ, ಕೆಟ್ಟರೆ ಸರಿಪಡಿಸುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹೊಸ ಕಂಪ್ಯೂಟರನ್ನು ಮೊದಲ ಸಲ ಚಾಲೂ ಮಾಡಿದಾಗ, ನಾವು ಕೇಳದೆಯೇ ಎಷ್ಟೋ ಆ್ಯಪ್‌ಗಳು ಅದರಲ್ಲಿ ಬಂದು ಕುಳಿತಿರುತ್ತವೆ. ಅವುಗಳಲ್ಲಿ ಕೆಲವು ದಿನವೂ ಬೇಕಾಗುವಂಥವು, ಕೆಲವನ್ನು ನಾವು ಒಮ್ಮೆಯೂ ತೆರೆಯುವುದಿಲ್ಲ. ಬೇಡವಾದುದನ್ನು ತೆಗೆದುಹಾಕುವ ಹಕ್ಕು ಕಂಪ್ಯೂಟರನ್ನು ಬಳಸುವವರಿಗೆ ಇರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಆ ಆ್ಯಪ್ ವ್ಯವಸ್ಥೆಯ ಯಾವ ಪದರದಲ್ಲಿ ನೆಲೆಸಿದೆ ಎಂಬುದನ್ನು ಅರಿಯದೆ ಕೈಹಾಕಿದರೆ, ತೆಗೆದದ್ದು ಒಂದು, ಕೆಟ್ಟದ್ದು ಇನ್ನೊಂದು ಎಂಬಂತಾಗುತ್ತದೆ. ಹೆಚ್ಚು ಜನರ ಬಳಕೆಯಲ್ಲಿರುವ ವಿಂಡೋಸ್ 10 ಮತ್ತು ವಿಂಡೋಸ್ 11ನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಇಂದು ವಿವರಿಸುತ್ತೇನೆ.

ಮೈಕ್ರೋಸಾಫ್ಟ್ ಸಂಸ್ಥೆ 2012ರಲ್ಲಿ ವಿಂಡೋಸ್ 8ನ್ನು ಬಿಡುಗಡೆ ಮಾಡಿದಾಗ, ಸ್ಟೋರ್ ಆ್ಯಪ್‌ಗಳೆಂಬ ಹೊಸ ಬಗೆಯ ತಂತ್ರಾಂಶಗಳು ಬಂದವು. ಹಳೆಯ ಪ್ರೋಗ್ರಾಂಗಳನ್ನು ಸಾಮಾನ್ಯವಾಗಿ ಇಡೀ ಕಂಪ್ಯೂಟರಿಗೆ ಒಮ್ಮೆ ಅಳವಡಿಸಿದರೆ ಸಾಕಾಗುತ್ತಿತ್ತು. ಹೊಸ ಆ್ಯಪ್‌ಗಳು ಹಾಗಲ್ಲ. ಅವು ಪ್ರತಿಯೊಬ್ಬ ಬಳಕೆದಾರರ ಖಾತೆಯಲ್ಲಿ ಬೇರೆಬೇರೆಯಾಗಿ ನೋಂದಣಿಯಾಗುತ್ತವೆ. ಇದು ಮೊದಲ ಪದರ. ಮುಂದೆ ಹೊಸದಾಗಿ ಯಾರಾದರೂ ಖಾತೆ ತೆರೆದರೆ ಅವರಿಗೂ ಕೊಡಲೆಂದು ಆ್ಯಪ್‌ನ ಒಂದು ಪ್ರತಿಯನ್ನು ವ್ಯವಸ್ಥೆಯು ಸಿದ್ಧವಾಗಿ ಇಟ್ಟುಕೊಂಡಿರುತ್ತದೆ. ಇದು ಎರಡನೆಯದು. ಸ್ಟಾರ್ಟ್ ಮೆನು, ಹುಡುಕಾಟದ ಪಟ್ಟಿ ಮುಂತಾದವು ಕೂಡ ಒಳಗಿಂದೊಳಗೆ ಆ್ಯಪ್‌ಗಳೇ ಆಗಿದ್ದು, ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಮ್‌ಆ್ಯಪ್ಸ್ ಎಂಬ ಜಾಗದಲ್ಲಿವೆ. ಈ ಮೂರನೆಯ ಪದರವನ್ನು ಮುಟ್ಟಲೇಬಾರದು.

ಸೆಟ್ಟಿಂಗ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಒತ್ತಿದಾಗ ಸಾಮಾನ್ಯವಾಗಿ ಅಳಿಯುವುದು ಮೊದಲ ಪದರದ ನೋಂದಣಿ ಮಾತ್ರ. ಆದ್ದರಿಂದಲೇ ನೀವು ತೆಗೆದ ಆಟ ಅದೇ ಕಂಪ್ಯೂಟರಿನ ಇನ್ನೊಬ್ಬರ ಖಾತೆಯಲ್ಲಿ ಹಾಗೆಯೇ ಇರುತ್ತದೆ, ಹೊಸ ಖಾತೆ ತೆರೆದರೆ ಅಲ್ಲಿಯೂ ಕಾಣಿಸಿಕೊಳ್ಳುತ್ತದೆ. ಡಿಸ್ಕಿನಲ್ಲಿ ಜಾಗ ಉಳಿಯಲೆಂದು ಆ್ಯಪ್‌ಗಳನ್ನು ತೆಗೆಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು: ಸಿದ್ಧವಾಗಿಟ್ಟ ಪ್ರತಿ ಇರುವವರೆಗೆ, ಅಥವಾ ಮತ್ತೊಬ್ಬ ಬಳಕೆದಾರರ ನೋಂದಣಿ ಉಳಿದಿರುವವರೆಗೆ, ಆ ಕಡತಗಳು ವಿಂಡೋಸ್‌ಆ್ಯಪ್ಸ್ ಎಂಬ ಫೋಲ್ಡರಿನಲ್ಲಿ ಇದ್ದಲ್ಲೇ ಇರುತ್ತವೆ. ಎರಡನೆಯ ಪದರವನ್ನೂ ತೆಗೆಯಬೇಕೆಂದರೆ ಪವರ್‌ಶೆಲ್ ಎಂಬ ಕಮ್ಯಾಂಡ್ ಕಿಟಕಿಯನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ತೆರೆದು, ರಿಮೂವ್ ಆ್ಯಪ್‌ಎಕ್ಸ್ ಪ್ರೊವಿಶನ್ಡ್ ಪ್ಯಾಕೇಜ್ ಎಂಬ ಕಮ್ಯಾಂಡನ್ನು ಆಯಾ ಆ್ಯಪ್‌ನ ಪೂರ್ಣ ಹೆಸರಿನೊಂದಿಗೆ ಕೊಡಬೇಕಾಗುತ್ತದೆ.

ತೊಂದರೆ ಶುರುವಾಗುವುದು ಈ ಪವರ್‌ಶೆಲ್ ಕಿಟಕಿಯಲ್ಲೇ. ಎಲ್ಲ ಆ್ಯಪ್‌ಗಳನ್ನೂ ಪಟ್ಟಿ ಮಾಡಿ, ಆ ಪಟ್ಟಿಯನ್ನು ಇಡಿಯಾಗಿ ಅಳಿಸುವ ಕಮ್ಯಾಂಡಿಗೆ ಒಪ್ಪಿಸುವ ಒಂದೇ ಸಾಲಿನ ಉಪಾಯವೊಂದು ಬಹುಕಾಲದಿಂದ ಕೈಯಿಂದ ಕೈಗೆ ದಾಟುತ್ತಾ ಬಂದಿದೆ. ಅದನ್ನು ಯಾರೂ ಬಳಸಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಆ ಒಂದು ಸಾಲು ಆಟಗಳೊಂದಿಗೆ ಮೈಕ್ರೋಸಾಫ್ಟ್ ಸ್ಟೋರನ್ನೂ ಅಳಿಸುತ್ತದೆ. ಆ್ಯಪ್‌ಗಳ ಪ್ಯಾಕೇಜುಗಳನ್ನು, ಅಂದರೆ ಅವುಗಳ ಕಡತಗಳ ಕಟ್ಟುಗಳನ್ನು, ಅಳವಡಿಸಿಕೊಡುವ ಆಪ್ ಇನ್‌ಸ್ಟಾಲರ್ ಎಂಬುದನ್ನೂ ಅಳಿಸಬಲ್ಲದು. ಆಪ್ ಇನ್‌ಸ್ಟಾಲರ್ ಹೋದರೆ ಅದರೊಳಗಿರುವ, ಕಮ್ಯಾಂಡ್ ಕೊಟ್ಟು ಆ್ಯಪ್‌ಗಳನ್ನು ತರಿಸಿಕೊಳ್ಳುವ ವಿನ್‌ಗೆಟ್ ಎಂಬ ಸಾಧನವೂ ಹೋಗುತ್ತದೆ. ಅಂದರೆ, ಕಳೆದುಕೊಂಡದ್ದನ್ನು ಮರಳಿ ತರಲು ಇದ್ದ ಎರಡು ಸುಲಭ ದಾರಿಗಳೂ ಏಕಕಾಲಕ್ಕೆ ಮುಚ್ಚಿಹೋಗುತ್ತವೆ.

ಇಂಥ ಕಂಪ್ಯೂಟರಿನಲ್ಲಿ ಕಾಣುವ ಲಕ್ಷಣಗಳು ಹೀಗಿರುತ್ತವೆ. ಕೀಲಿಮಣೆಯ ಮೇಲಿನ ಕ್ಯಾಲ್ಕ್ಯುಲೇಟರ್ ಗುಂಡಿಯನ್ನು ಒತ್ತಿದರೆ, ಈ ಕೊಂಡಿಯನ್ನು ತೆರೆಯಲು ನಿಮಗೆ ಹೊಸ ಆ್ಯಪ್ ಬೇಕು ಎಂಬ ಚಿಕ್ಕ ಚೌಕ ಬರುತ್ತದೆ. ಫೋನಿನಿಂದ ತಂದ ಕೆಲವು ಚಿತ್ರಗಳು ತೆರೆಯುವುದಿಲ್ಲ, ಏಕೆಂದರೆ ಆ ಚಿತ್ರರೂಪವನ್ನು ಓದಿಸುವ ವಿಸ್ತರಣೆಯೂ ಒಂದು ಪ್ಯಾಕೇಜೇ ಆಗಿದ್ದು ಅದೂ ಅಳಿದಿರುತ್ತದೆ. ಎಲ್ಲಕ್ಕಿಂತ ಗಾಬರಿ ಹುಟ್ಟಿಸುವುದು ವಿಂಡೋಸ್ ಸೆಕ್ಯುರಿಟಿಯ ಕಿಟಕಿ. ಬೇಡದ ಆ್ಯಪ್‌ಗಳನ್ನು ಒಟ್ಟಿಗೆ ತೆಗೆಯಲೆಂದು ಬರೆದಿಟ್ಟ ಕಮ್ಯಾಂಡುಗಳ ಸರಣಿಗಳು, ಅಂದರೆ ಸ್ವಚ್ಛತಾ ಸ್ಕ್ರಿಪ್ಟ್‌ಗಳು, ಕೆಲವು ಇದನ್ನೂ ಕಿತ್ತುಹಾಕುತ್ತವೆ. ಹಾಗಾದಾಗ ವೈರಸ್ ತಡೆಯುವ ಸೇವೆ ಹಿನ್ನೆಲೆಯಲ್ಲಿ ಕೆಲಸ ಮಾಡುತ್ತಲೇ ಇರಬಹುದು, ಆದರೆ ಅದರ ಸ್ಥಿತಿ ನೋಡಲು, ಎಚ್ಚರಿಕೆ ಓದಲು, ಸ್ಕ್ಯಾನ್ ಮಾಡಲು ಇರುವ ಮುಖವೇ ಇಲ್ಲವಾಗುತ್ತದೆ.

ಆ್ಯಪ್ ಹೋದರೂ ಅದರ ಒಳಭಾಗ ಉಳಿಯಬೇಕೇ ಎಂಬ ಪ್ರಶ್ನೆ ಹೊಸದೇನಲ್ಲ. 1998ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಮೈಕ್ರೋಸಾಫ್ಟ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, ಇಂಟರ್ನೆಟ್ ಎಕ್ಸ್‌ಪ್ಲೋರರ್ ವಿಂಡೋಸ್ 98ರ ಅವಿಭಾಜ್ಯ ಅಂಗವೆಂದು ಕಂಪನಿ ವಾದಿಸಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್ ಅವರು ಅದನ್ನು ಬೇರ್ಪಡಿಸಬಹುದೆಂದು ತೋರಿಸಲು ಒಂದು ಪ್ರೋಗ್ರಾಂ ಸಿದ್ಧಪಡಿಸಿದರು. ಅದು ಬಳಕೆದಾರರಿಗೆ ಬ್ರೌಸರ್ ಸಿಗದಂತೆ ಮಾಡುತ್ತಿತ್ತು, ಆದರೆ ವಿಂಡೋಸಿನ ಇತರ ಭಾಗಗಳೂ ಬಳಸುತ್ತಿದ್ದ ಹಂಚಿಕೆಯ ಕಡತಗಳನ್ನು ಉಳಿಸುತ್ತಿತ್ತು. ಇಂದು ಎಡ್ಜ್ ಬ್ರೌಸರಿನ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಯುರೋಪಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆಗೆ ತಲೆಬಾಗಿ, 2024ರಲ್ಲಿ ಮೈಕ್ರೋಸಾಫ್ಟ್ ಅಲ್ಲಿನ ಬಳಕೆದಾರರಿಗೆ ಎಡ್ಜನ್ನು ತೆಗೆಯುವ ಅವಕಾಶ ಕೊಟ್ಟಿತು. ಆ ಅವಕಾಶ ಎಲ್ಲೆಡೆಯೂ ಸಿಗಬೇಕಾದದ್ದು ನ್ಯಾಯ. ಆದರೆ ಬಲವಂತವಾಗಿ ಎಡ್ಜ್ ಕೀಳುವ ಉಪಕರಣಗಳಲ್ಲಿ ಕೆಲವು ವೆಬ್‌ವ್ಯೂ2 ಎಂಬ ಭಾಗವನ್ನೂ ಅಳಿಸುತ್ತವೆ. ಹೊಸ ಔಟ್‌ಲುಕ್, ಟೀಮ್ಸ್, ವಿಜೆಟ್‌ಗಳು ತಮ್ಮ ಪರದೆಯನ್ನು ಬಿಡಿಸುವುದು ಇದರ ಮೂಲಕವೇ ಆದ್ದರಿಂದ, ಅದಿಲ್ಲದೆ ಅವು ತೆರೆಯುವುದೇ ಇಲ್ಲ. ಹಾಗಾದವರು ಮೈಕ್ರೋಸಾಫ್ಟ್‌ನ ತಾಣದಿಂದ ವೆಬ್‌ವ್ಯೂ2 ರನ್‌ಟೈಮ್ ಒಂದನ್ನೇ ತಂದು ಅಳವಡಿಸಿದರೆ ಸಾಕು, ಬ್ರೌಸರ್ ಮರಳಿ ಬೇಕಾಗಿಲ್ಲ.

ಇನ್ನು ದುರಸ್ತಿಯ ಮಾತು. ಏನನ್ನೂ ಮಾಡುವ ಮುನ್ನ ಒಂದು ಹೊಸ ಖಾತೆಯನ್ನು ತೆರೆದು, ಅದರಲ್ಲಿ ಲಾಗಿನ್ ಆಗಿ ನೋಡಿ. ಈ ಪರೀಕ್ಷೆಗೆ ಕೆಲವೇ ನಿಮಿಷ ಹಿಡಿಯುತ್ತದೆ, ಆದರೆ ಅದು ಉಳಿಸುವ ಶ್ರಮ ಬಹಳ ದೊಡ್ಡದು. ಹೊಸ ಖಾತೆಯಲ್ಲಿ ಸ್ಟೋರ್, ಸ್ಟಾರ್ಟ್ ಮೆನು, ಕ್ಯಾಲ್ಕ್ಯುಲೇಟರ್ ಎಲ್ಲವೂ ಸರಿಯಾಗಿದ್ದರೆ, ಕೆಟ್ಟಿರುವುದು ನಿಮ್ಮ ಖಾತೆಯ ನೋಂದಣಿ ಮಾತ್ರ ಎಂದು ಬಹುಮಟ್ಟಿಗೆ ತಿಳಿಯಬಹುದು. ಅಲ್ಲಿಯೂ ಕಾಣೆಯಾಗಿದ್ದರೆ ಎರಡನೆಯ ಪದರದ ಪ್ರತಿಯೇ ಹೋಗಿದೆ ಎಂದರ್ಥ.

ನೋಂದಣಿ ಮಾತ್ರ ಹೋಗಿದ್ದರೆ ಮರುನೋಂದಣಿ ಮಾಡಬೇಕು. ವಿಂಡೋಸ್‌ಆ್ಯಪ್ಸ್ ಫೋಲ್ಡರಿನೊಳಗೆ ಪ್ರತಿ ಆ್ಯಪ್‌ಗೂ ಆ್ಯಪ್‌ಎಕ್ಸ್ ಮ್ಯಾನಿಫೆಸ್ಟ್ ಎಂಬ ಒಂದು ವಿವರಪತ್ರ ಇರುತ್ತದೆ. ಆ್ಯಡ್ ಆ್ಯಪ್‌ಎಕ್ಸ್ ಪ್ಯಾಕೇಜ್ ಎಂಬ ಕಮ್ಯಾಂಡಿಗೆ ರಿಜಿಸ್ಟರ್ ಎಂಬ ಸೂಚನೆಯೊಂದಿಗೆ ಆ ವಿವರಪತ್ರದ ದಾರಿಯನ್ನು ಕೊಟ್ಟರೆ ಆ್ಯಪ್ ಮತ್ತೆ ನಿಮ್ಮ ಖಾತೆಗೆ ಸೇರುತ್ತದೆ. ಇದನ್ನು ಎಲ್ಲ ಆ್ಯಪ್‌ಗಳಿಗೂ ಒಟ್ಟಿಗೆ ಮಾಡಿದಾಗ ಪರದೆಯ ತುಂಬ ಕೆಂಪಕ್ಷರದ ಸಾಲುಗಳು ಉರುಳಬಹುದು. ಅವುಗಳಲ್ಲಿ ಹೆಚ್ಚಿನವು, ಆ ಆ್ಯಪ್ ಈಗ ತೆರೆದಿದೆ ಅಥವಾ ಇದಕ್ಕಿಂತ ಹೊಸ ಆವೃತ್ತಿ ಆಗಲೇ ಇದೆ ಎಂದಷ್ಟೇ ಹೇಳುತ್ತಿರುತ್ತವೆ. ಹೆದರಿ ನಡುವೆ ನಿಲ್ಲಿಸಬೇಡಿ. ಆದರೆ ದೋಷಸಂಖ್ಯೆ ಸಿ, ಎಫ್, 3 ಎಂದು ಮುಗಿದಿದ್ದರೆ, ಆ ಆ್ಯಪ್ ಅವಲಂಬಿಸಿರುವ ಇನ್ನೊಂದು ಪ್ಯಾಕೇಜ್ ಇಲ್ಲದಿರುವ ಅಥವಾ ಹೊಂದಿಕೆಯಾಗದಿರುವ ಸಂಭವವಿದೆ. ವಿಸಿ ಲಿಬ್ಸ್, ಯುಐ ಝ್ಯಾಮಲ್ ಮುಂತಾದ ಆಧಾರ ಪ್ಯಾಕೇಜುಗಳನ್ನು ಮೊದಲು ಸರಿಪಡಿಸಿ ಆಮೇಲೆ ಆ್ಯಪ್‌ಗೆ ಬರಬೇಕು.

ಸ್ಟೋರ್ ಉಳಿದಿದ್ದರೆ ಅಲ್ಲಿಂದಲೇ ಬೇಕಾದದ್ದನ್ನು ಹುಡುಕಿ ಅಳವಡಿಸಿಕೊಳ್ಳುವುದು ಸುಲಭ. ಸ್ಟೋರ್ ಇಲ್ಲದಿದ್ದರೆ ಡಬ್ಲ್ಯುಎಸ್‌ರಿಸೆಟ್ ಎಂದು ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಮತ್ತು ಐ ಅಕ್ಷರವನ್ನು ಸೇರಿಸಿ ಕಮ್ಯಾಂಡ್ ಕೊಡಿ. ಪರದೆಯ ಮೇಲೆ ಏನೂ ನಡೆಯದಂತೆ ಕಂಡರೂ, ಸ್ವಲ್ಪ ಹೊತ್ತಿನಲ್ಲಿ ಸ್ಟೋರ್ ಹಿನ್ನೆಲೆಯಲ್ಲಿ ಇಳಿದು ಬರುತ್ತದೆ.

ಆ್ಯಪ್‌ಗಳನ್ನು ದಾಟಿ ವ್ಯವಸ್ಥೆಯ ಕಡತಗಳೇ ಕೆಟ್ಟಿವೆ ಎಂಬ ಅನುಮಾನವಿದ್ದರೆ ಮೊದಲು ಡಿಸ್ಮ್ ಕಮ್ಯಾಂಡಿನ ರಿಸ್ಟೋರ್ ಹೆಲ್ತ್, ಆಮೇಲೆ ಕೆಟ್ಟ ಕಡತಗಳನ್ನು ಹುಡುಕಿ ಬದಲಿಸುವ ಎಸ್‌ಎಫ್‌ಸಿ ಸ್ಕ್ಯಾನ್ ನೌ ಎಂಬ ಕಮ್ಯಾಂಡ್ ಕೊಡಿ. ಎಸ್‌ಎಫ್‌ಸಿ ಒಳ್ಳೆಯ ಪ್ರತಿಗಳನ್ನು ತರುವ ಉಗ್ರಾಣವನ್ನೇ ಡಿಸ್ಮ್ ಸರಿಪಡಿಸುವುದರಿಂದ ಈ ಅನುಕ್ರಮ ಮುಖ್ಯ. ನೀವೇ ತೆಗೆದ ಸ್ಟೋರ್ ಆ್ಯಪ್‌ಗಳನ್ನು ಇವು ಮರಳಿ ತರುವುದಿಲ್ಲ.

ವಿಂಡೋಸ್‌ಆ್ಯಪ್ಸ್ ಫೋಲ್ಡರಿನ ಒಡೆತನವನ್ನು ಬಲವಂತವಾಗಿ ತಮ್ಮ ಹೆಸರಿಗೆ ಬದಲಿಸಿಕೊಂಡು, ಕಡತಗಳನ್ನು ಕೈಯಾರೆ ಅಳಿಸಿದವರ ಸ್ಥಿತಿ ಹೆಚ್ಚು ಕಷ್ಟದ್ದು. ಆ ಫೋಲ್ಡರಿನ ಒಡೆತನ ಟ್ರಸ್ಟೆಡ್ ಇನ್‌ಸ್ಟಾಲರ್ ಎಂಬ ಸೇವೆಯದು. ಕಡತ ಹೋದರೂ ಆ್ಯಪ್‌ಗಳ ದಾಖಲೆಯಿಟ್ಟಿರುವ ದತ್ತಸಂಚಯದಲ್ಲಿ ಅದು ಇದೆ ಎಂದೇ ಉಳಿಯುವುದರಿಂದ, ಅಳವಡಿಸಲು ಹೋದರೂ ತಪ್ಪು, ತೆಗೆಯಲು ಹೋದರೂ ತಪ್ಪು ತೋರಿಸುತ್ತದೆ. ಇಂಥಲ್ಲಿ ಬಿಡಿಬಿಡಿ ದುರಸ್ತಿಗೆ ದಿನಗಳನ್ನು ಕಳೆಯುವುದಕ್ಕಿಂತ, ಇರುವ ವಿಂಡೋಸಿನ ಮೇಲೆಯೇ ವಿಂಡೋಸನ್ನು ಮತ್ತೊಮ್ಮೆ ಅಳವಡಿಸುವುದು ಮೇಲು. ಮೊದಲು ಮುಖ್ಯ ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಮೈಕ್ರೋಸಾಫ್ಟ್‌ನಿಂದ ಐಎಸ್‌ಒ ಕಡತವನ್ನು, ಅಂದರೆ ಇಡೀ ವಿಂಡೋಸ್ ಅಳವಡಿಕೆಯನ್ನು ಒಳಗೊಂಡ ಒಂದೇ ಕಡತವನ್ನು, ಇಳಿಸಿಕೊಂಡು, ವಿಂಡೋಸ್ ನಡೆಯುತ್ತಿರುವಾಗಲೇ ಅದರೊಳಗಿನ ಸೆಟಪ್ ತೆರೆದು, ಕಡತಗಳನ್ನೂ ಆ್ಯಪ್‌ಗಳನ್ನೂ ಉಳಿಸಿಕೊಳ್ಳುವ ಆಯ್ಕೆಯನ್ನು ಗುರುತಿಸಿ. ಐಎಸ್‌ಒದ ಭಾಷೆ ಅಥವಾ ಆವೃತ್ತಿಯ ಬಗೆ ನಿಮ್ಮ ವಿಂಡೋಸಿಗೆ ಹೊಂದದಿದ್ದರೆ ಈ ಆಯ್ಕೆ ಮಸುಕಾಗಿರುತ್ತದೆ. ಆಗ ಮುಂದುವರಿಯದೆ ಸರಿಯಾದ ಐಎಸ್‌ಒ ತನ್ನಿ. ಕೆಲಸ ಮುಗಿದು ಮತ್ತೆ ಲಾಗಿನ್ ಆದಾಗ ನೀವು ಹಿಂದೆ ತೆಗೆದಿದ್ದ ಕೆಲವು ಆ್ಯಪ್‌ಗಳು ಮರಳಿ ಬಂದಿರಬಹುದು. ಅವುಗಳಲ್ಲಿ ಬೇಡವಾದದ್ದನ್ನು ಈ ಸಲ ಸೆಟ್ಟಿಂಗ್ಸ್‌ನಿಂದ ಒಂದೊಂದಾಗಿ ತೆಗೆಯಿರಿ, ಪ್ರತಿ ಸಲವೂ ಹೆಸರನ್ನು ಬರೆದಿಟ್ಟುಕೊಳ್ಳಿ. ಮುಂದೆ ಏನಾದರೂ ಕೆಟ್ಟರೆ ಯಾವುದನ್ನು ಮೊದಲು ಮರಳಿ ತರಬೇಕೆಂದು ಆ ಪಟ್ಟಿಯೇ ತಿಳಿಸುತ್ತದೆ.